ಹಿತಮಿತದ ಖರ್ಚು, ಅಚ್ಚುಕಟ್ಟಾದ ಉಡುಗೆ

ಜೂನ್ ತಿಂಗಳ ನಡುವಿನಲ್ಲಿ ಶಾಲೆಗಳು ಆರಂಭವಾಗುವ ಮುನ್ನಿನ ಎರಡು ವಾರ ಸೊಲ್ಲಾಪುರದ ಬಟ್ಟೆ ಪೇಟೆಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ ತಾಲೂಕುಗಳ ಹಳ್ಳಿಗಳಿಂದ ಬಂದ ತಾಯಿತಂದೆಯರು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಚೀಲವನ್ನೂ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಚಾದರಕ್ಕೂ ಟವೆಲಿಗೂ ಹೆಸರಾದ ಈ ನಗರ ಈಗ ಶಾಲಾ ಸಮವಸ್ತ್ರದ ತಯಾರಿಕೆಗೂ ಹೆಸರಾಗಿದೆ. ಇಲ್ಲಿಯ ಹೊಲಿಗೆ ಘಟಕಗಳಲ್ಲಿ ಸಿದ್ಧವಾದ ಅಂಗಿ, ಪ್ಯಾಂಟು, ಲಂಗಗಳು ಹೊರ ರಾಜ್ಯಗಳಿಗೆ, ಹೊರ ದೇಶಗಳಿಗೂ ಹೋಗುತ್ತವೆ. ಆದರೆ ಅದೇ ಜಿಲ್ಲೆಯ ಕನ್ನಡ ಶಾಲೆಗಳ ಅಂಗಳದಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಸಾಲನ್ನು ದಿಟ್ಟಿಸಿದರೆ, ಹೆಗಲಿನಿಂದ ಜಾರಿದ ಅಂಗಿ, ಸೊಂಟಕ್ಕೆ ದಾರ ಬಿಗಿದ ಚಡ್ಡಿ, ಗುಂಡಿಯ ಜಾಗದಲ್ಲಿ ಪಿನ್ನು ಕಣ್ಣಿಗೆ ಬೀಳದೆ ಇರುವುದಿಲ್ಲ.

ಇದು ಬರಿಯ ಅಂದಚೆಂದದ ಮಾತಲ್ಲ. ಊರ ಹೊರಗಿನ ರಸ್ತೆಯ ಬದಿಗೆ ಬೆಳಿಗ್ಗೆ ಎರಡು ಬಗೆಯ ಮಕ್ಕಳು ಕಾಣಸಿಗುತ್ತಾರೆ. ಆಂಗ್ಲ ಮಾಧ್ಯಮದ ವಾಹನಕ್ಕೆ ಕಾದವರು ಟೈ ಕಟ್ಟಿ, ಬೂಟು ಹೊಳೆಯಿಸಿ, ಬೆಲ್ಟು ಬಿಗಿದು ನಿಂತಿರುತ್ತಾರೆ. ಕನ್ನಡ ಶಾಲೆಯವರು ಚಪ್ಪಲಿ ಎಳೆಯುತ್ತ ನಡೆದುಹೋಗುತ್ತಾರೆ. ಎದುರಿನ ಕಟ್ಟೆಯ ಮೇಲೆ ಕುಳಿತ ಅಜ್ಜ, ಬಾಗಿಲಲ್ಲಿ ನಿಂತ ತಾಯಿ ದಿನವೂ ನೋಡುವುದು ಈ ನೋಟವನ್ನೇ. ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿ ಸಾಲ ಮಾಡಿಯಾದರೂ ಬೇರೆ ಕಡೆ ಸೇರಿಸುವ ತೀರ್ಮಾನದ ಹಿಂದೆ ಪಠ್ಯದ ವಿಚಾರ ಎಷ್ಟಿರುತ್ತದೆಯೋ ಕೊರಳಪಟ್ಟಿಯ ವಿಚಾರವೂ ಅಷ್ಟೇ ಇರುತ್ತದೆ. ಈ ಮಾತನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವವರು ಕಡಿಮೆ.

ಹಾಗಾದರೆ ಆ ನೋಟದಲ್ಲಿ ನಿಜವಾಗಿ ಕಣ್ಣು ಸೆಳೆಯುವುದು ಯಾವುದು? ಮೈಗೆ ಒಪ್ಪುವ ಅಳತೆ, ಇಸ್ತ್ರಿ ಮಾಡಿದ ಕಾಲರು, ಕೊಳೆಯಿಲ್ಲದ ತೋಳಿನ ಅಂಚು, ಬಾಚಿದ ತಲೆ, ಒರಸಿದ ಬೂಟು. ಬೂಟೊಂದನ್ನು ಬಿಟ್ಟರೆ ಇವುಗಳಲ್ಲಿ ಯಾವುದಕ್ಕೂ ಶಾಲೆಯ ಶುಲ್ಕದ ಸಂಬಂಧವಿಲ್ಲ. ಟೈಯಂತೂ, ಏಪ್ರಿಲ್‌ನಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ, ರಬ್ಬರಿನ ಎಳೆಗೆ ಪೋಣಿಸಿದ ಒಂದು ಪೀಡೆ; ಅದರ ಬಗೆಗೆ ಅಸೂಯೆ ಪಡಬೇಕಾದ ಕಾರಣವಿಲ್ಲ. ಉಳಿದದ್ದೆಲ್ಲ ಸೂಜಿ, ದಾರ, ಸಾಬೂನು ಮತ್ತು ಸ್ವಲ್ಪ ಗಮನದಿಂದ ದೊರೆಯುವಂಥದು.

ಮೊದಲಿಗೆ ಸರಕಾರದಿಂದ ಬರುವ ಸಮವಸ್ತ್ರದ ಮಾತು. ಸಮಗ್ರ ಶಿಕ್ಷಣ ಯೋಜನೆಯಡಿ ಸರಕಾರಿ ಮತ್ತು ಜಿಲ್ಲಾ ಪರಿಷತ್ತಿನಂಥ ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ 1ರಿಂದ 8ನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ ಎರಡು ಜೊತೆ ಬಟ್ಟೆಗಾಗಿ ₹600ರವರೆಗೆ ನೀಡುವ ನಿಯಮವಿದೆ. ಮಹಾರಾಷ್ಟ್ರದಲ್ಲಿ 2024-25ರ ಸಾಲಿನಲ್ಲಿ ಬಟ್ಟೆಯನ್ನು ರಾಜ್ಯ ಮಟ್ಟದಲ್ಲಿ ಖರೀದಿಸಿ, ಮಹಿಳಾ ಸ್ವಸಹಾಯ ಗುಂಪುಗಳಿಂದ ಹೊಲಿಸಿ ಹಂಚುವ ಏರ್ಪಾಡು ನಡೆಯಿತು. ಬಟ್ಟೆ ತಡವಾಗಿ ತಲುಪಿತು, ಅಳತೆ ಸರಿಹೊಂದಲಿಲ್ಲವೆಂಬ ದೂರುಗಳು ಬಂದವು. ಬಳಿಕ ಖರೀದಿಯ ಹೊಣೆಯನ್ನು ಮತ್ತೆ ಶಾಲಾ ವ್ಯವಸ್ಥಾಪನ ಸಮಿತಿಗಳಿಗೇ ವಹಿಸಲಾಯಿತು. ಪಾಲಕರು ಗಮನಿಸಬೇಕಾದ ಅಂಶ ಇಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಈ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಂದರೆ ಬಟ್ಟೆ ಯಾವುದು, ಹೊಲಿಯುವವರು ಯಾರು, ಅಳತೆ ತೆಗೆಯುವುದು ಎಂದು ಎಂಬುದನ್ನು ತಾಯಂದಿರೇ ಕುಳಿತು ನಿರ್ಧರಿಸಬಹುದು. ತರಗತಿಯ ಲೆಕ್ಕದಲ್ಲಿ ‘ಮೂರನೆಯತ್ತೆಗೆ ಇಷ್ಟು, ನಾಲ್ಕನೆಯತ್ತೆಗೆ ಇಷ್ಟು’ ಎಂದು ಅಂದಾಜಿಗೆ ಬಟ್ಟೆ ತರಿಸುವುದಕ್ಕೂ ಒಬ್ಬ ದರ್ಜಿಯನ್ನು ಅರ್ಧ ದಿನ ಶಾಲೆಗೆ ಕರೆಸಿ ಮಕ್ಕಳ ಹೆಗಲು, ಎದೆ, ಸೊಂಟ ಅಳೆಸುವುದಕ್ಕೂ ವೆಚ್ಚದಲ್ಲಿ ಇರುವ ಅಂತರ ಅತ್ಯಲ್ಪ. ನೋಟದಲ್ಲಿ ಇರುವ ಅಂತರ ಮಾತ್ರ ವರ್ಷವಿಡೀ ಕಾಣುತ್ತದೆ.

ಉಡುಪಿನ ಬೆಲೆ ಏನೇ ಇರಲಿ, ಅದನ್ನು ಎತ್ತಿ ಹಿಡಿಯುವುದೂ ಕೆಡಿಸುವುದೂ ಅಳತೆಯೇ. ಅಂಗಿಯ ಹೆಗಲ ಹೊಲಿಗೆ ಹೆಗಲ ಮೂಳೆಯ ತುದಿಗೆ ಸರಿಯಾಗಿ ಬರಬೇಕು. ಅದು ತೋಳಿನ ಮೇಲೆ ಇಳಿದರೆ ಬಟ್ಟೆ ರೇಶಿಮೆಯದಾದರೂ ಎರವಲು ತಂದದ್ದೆಂದೇ ತೋರುತ್ತದೆ. ಸಿದ್ಧ ಉಡುಪು ಕೊಳ್ಳುವಾಗ ಮೊದಲು ಹೆಗಲನ್ನೇ ನೋಡಬೇಕೆಂದು ಅನುಭವಿ ದರ್ಜಿಗಳು ಹೇಳುವುದಕ್ಕೆ ಕಾರಣವುಂಟು: ಬಗಲು, ಸೊಂಟ, ಉದ್ದ ಇವುಗಳನ್ನು ಹಿಡಿಸುವುದು ಅರ್ಧ ತಾಸಿನ ಕೆಲಸ, ಹೆಗಲು ತಿದ್ದಬೇಕಾದರೆ ತೋಳು ಬಿಚ್ಚಿ, ಕಾಲರಿನ ತನಕ ಹೋಗಬೇಕಾಗುತ್ತದೆ, ಕೂಲಿ ಹೊಸ ಅಂಗಿಯ ಹತ್ತಿರ ಬರುತ್ತದೆ.

ಬೆಳೆಯುವ ಮಕ್ಕಳಿಗೆ ಎರಡು ವರ್ಷ ಬರಲೆಂದು ಎರಡು ಅಳತೆ ದೊಡ್ಡದು ಕೊಡಿಸುವುದು ಮನೆಮನೆಯ ವಾಡಿಕೆ. ಮೊದಲ ವರ್ಷ ಜೋಲಾಡಿ, ಎರಡನೆಯ ವರ್ಷ ಸರಿಹೋಗುವ ಹೊತ್ತಿಗೆ ಬಣ್ಣ ಮಾಸಿ, ಆ ಬಟ್ಟೆ ಒಂದು ದಿನವೂ ಚೆಂದ ಕಾಣುವುದಿಲ್ಲ. ಒಂದೇ ಅಳತೆ ದೊಡ್ಡದನ್ನು ತಂದು, ಉಳಿದುದನ್ನು ಒಳಗೆ ಮಡಿಸಿಡುವುದು ಲೇಸು. ಲಂಗದ ಕೆಳಗೆ ಮೂರು ನಾಲ್ಕು ಇಂಚು, ಪ್ಯಾಂಟಿಗೆ ಎರಡು ಇಂಚು, ಸೊಂಟದ ಹಿಂದೆ ಒಂದು ಇಂಚು ಬಟ್ಟೆ ಬಿಟ್ಟು ಕೈಹೊಲಿಗೆ ಹಾಕಿಸಿದರೆ ದೀಪಾವಳಿಯ ರಜೆಯಲ್ಲಿ ಒಮ್ಮೆ, ಮುಂದಿನ ಬೇಸಿಗೆಯಲ್ಲಿ ಮತ್ತೊಮ್ಮೆ ಬಿಡಿಸಬಹುದು. ಮಡಿಕೆ ಬಿಚ್ಚಿದಾಗ ಹಳೆಯ ಗೆರೆ ಕಾಣುವುದು ನಿಜ. ಹೊಸದಾಗಿ ಹೊರಬಂದ ಪಟ್ಟಿ ಕಡುಬಣ್ಣದ್ದು, ಮೇಲಿನದು ಮಾಸಿದ್ದು. ಆ ಗೆರೆಯ ಮೇಲೆ ಅದೇ ಬಣ್ಣದ ಸಣ್ಣ ಪಟ್ಟಿ ಹೊಲಿದರೆ ಅದು ಮೊದಲಿನಿಂದಲೂ ಇದ್ದ ಅಲಂಕಾರದಂತೆ ಕಾಣುತ್ತದೆ. ಹಿಂದಿನ ತಲೆಮಾರಿನ ತಾಯಂದಿರು ಪರಕಾರಕ್ಕೆ ಅಡ್ಡ ನಿರಿಗೆ ಹಿಡಿದು ಹೊಲಿಯುತ್ತಿದ್ದುದೂ ಇದೇ ಉಪಾಯ. ಮಗಳು ಬೆಳೆದಂತೆ ಒಂದೊಂದೇ ನಿರಿಗೆ ಬಿಚ್ಚಿಕೊಳ್ಳುತ್ತಿತ್ತು.

ಬಟ್ಟೆಯ ಆಯ್ಕೆಯಲ್ಲಿ ಅಂಗಡಿಯ ದೀಪದ ಬೆಳಕನ್ನು ನಂಬದೆ ಹೊಸ್ತಿಲಿನ ಬೆಳಕಿಗೆ ತಂದು ನೋಡುವುದು ಒಳ್ಳೆಯದು. ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಟ್ಟರೆ ಅಪ್ಪಟ ಹತ್ತಿ ಮುದುಡಿಯೇ ಉಳಿಯುತ್ತದೆ, ಪಾಲಿಯೆಸ್ಟರ್ ಹೆಚ್ಚಿದ್ದರೆ ಬಿಚ್ಚಿಕೊಳ್ಳುತ್ತದೆ. ಎರಡು ಎಳೆ ಕಿತ್ತು ಕಡ್ಡಿ ಗೀರಿದರೆ ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಮಣಿಗಟ್ಟುತ್ತದೆ. ಅಪ್ಪಟ ಹತ್ತಿಯೇ ಮೇಲು, ಉಳಿದದ್ದು ಕೀಳು ಎಂದೇನೂ ಅಲ್ಲ. ಶಾಲೆಯ ಅಂಗಿಗೆ ಎರಡರ ಮಿಶ್ರಣವಾದ ಟೆರಿಕಾಟ್ ಒದಗುತ್ತದೆ: ಮಳೆಗಾಲದಲ್ಲಿ ರಾತ್ರಿ ಒಗೆದದ್ದು ಬೆಳಿಗ್ಗೆ ಒಣಗಿರುತ್ತದೆ, ಇಸ್ತ್ರಿಯ ಗೆರೆ ನಿಲ್ಲುತ್ತದೆ. ಆದರೆ ಹತ್ತಿಯ ಪಾಲು ತೀರ ಕಡಿಮೆಯಾದರೆ ಬೆವರು ಹೀರದೆ ಮಗುವಿನ ಬೆನ್ನು ಕೆಂಪಾಗುತ್ತದೆ. ಒದ್ದೆ ಮಾಡಿದ ಬಿಳಿಯ ಕರವಸ್ತ್ರದಿಂದ ಬಣ್ಣದ ಬಟ್ಟೆಯನ್ನು ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ಅಂಗಡಿಯಲ್ಲೇ ತಿಳಿಯುತ್ತದೆ. ಅಂಗಡಿಯವನು ಹುಬ್ಬು ಗಂಟಿಕ್ಕಬಹುದು. ಹಣ ಕೊಡುವವರು ಅದನ್ನು ಲೆಕ್ಕಿಸಬೇಕಾಗಿಲ್ಲ. ಹತ್ತಿಯ ತಾನನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಬೇಕು, ಇಲ್ಲವಾದರೆ ಮೊದಲ ಒಗೆತಕ್ಕೆ ತೋಳು ಮೊಣಕೈಗೆ ಏರುತ್ತದೆ.

ಅಗ್ಗವೆಂದು ತಂದದ್ದು ದುಬಾರಿಯಾಗುವ ಲೆಕ್ಕವೂ ಒಂದಿದೆ. ₹250ರ ಅಂಗಿಯೊಂದು ವಾರಕ್ಕೆ ಮೂರು ದಿನದಂತೆ ಐದು ತಿಂಗಳು ಬಂತೆಂದಿಟ್ಟುಕೊಳ್ಳಿ. ಸುಮಾರು 60 ಸಲ ಉಟ್ಟಂತಾಯಿತು, ಒಂದು ಸಲಕ್ಕೆ ನಾಲ್ಕು ರೂಪಾಯಿಗೂ ಮಿಕ್ಕು ಬಿತ್ತು. ₹400ರ ಗಟ್ಟಿ ಅಂಗಿ ಎರಡು ಶಾಲಾ ವರ್ಷ ಬಂದರೆ ಸುಮಾರು 200 ಸಲ, ಒಂದು ಸಲಕ್ಕೆ ಎರಡು ರೂಪಾಯಿ. ಹೆಚ್ಚು ಬೆಲೆಯದೆಲ್ಲ ಗಟ್ಟಿ ಎಂದು ಇದರರ್ಥವಲ್ಲ. ಬೆಲೆಚೀಟಿಗಿಂತ ಅಂಗಿಯನ್ನು ಒಳಮೈ ಹೊರಕ್ಕೆ ತಿರುವಿ ನೋಡಿದರೆ ಹೆಚ್ಚು ತಿಳಿಯುತ್ತದೆ: ಹೊಲಿಗೆ ಒತ್ತೊತ್ತಾಗಿ ಬಿದ್ದಿದೆಯೇ, ಅಂಚಿನ ಎಳೆ ಬಿಚ್ಚದಂತೆ ಮುಚ್ಚಿದ್ದಾರೆಯೇ, ಬಗಲಿನಲ್ಲಿ ಎರಡು ಸಾಲು ಹೊಲಿಗೆ ಇದೆಯೇ, ಗುಂಡಿಗಳು ಒಂದೇ ಎಳೆಯ ಮೇಲೆ ತೂಗಾಡುತ್ತಿವೆಯೇ. ಮನೆಗೆ ತಂದ ದಿನವೇ ಎಲ್ಲ ಗುಂಡಿಗಳನ್ನೂ ಇಮ್ಮಡಿ ದಾರದಿಂದ ಮತ್ತೊಮ್ಮೆ ಹೊಲಿದುಬಿಟ್ಟರೆ ಪಿನ್ನಿನ ಪ್ರಸಂಗವೇ ಬಾರದು.

ಇನ್ನು ಒಗೆಯುವ ವಿಚಾರ. ಬಟ್ಟೆ ಹಾಳಾಗುವುದು ಉಡುವುದರಿಂದ ಅಲ್ಲ, ಬಹುಪಾಲು ಒಗೆಯುವ ಕಲ್ಲಿನ ಮೇಲೆಯೇ. ಈ ಭಾಗದ ಹಲವು ಹಳ್ಳಿಗಳಲ್ಲಿ ಕೊಳವೆ ಬಾವಿಯ ಗಡಸು ನೀರು. ಅದರಲ್ಲಿ ಸಾಬೂನು ನೊರೆ ಕಟ್ಟದೆ, ನೀರಿನ ಲವಣದೊಂದಿಗೆ ಸೇರಿ ಬೂದು ಬಣ್ಣದ ಜಿಡ್ಡಾಗಿ ಎಳೆಗಳಿಗೆ ಅಂಟುತ್ತದೆ. ಬಿಳಿ ಅಂಗಿ ಕೆಲವೇ ತಿಂಗಳಲ್ಲಿ ಮಸಿಬಟ್ಟೆಯಂತೆ ಕಾಣುವುದಕ್ಕೆ ಮಗುವಿನ ತುಂಟತನಕ್ಕಿಂತ ಇದೇ ದೊಡ್ಡ ಕಾರಣ. ನೊರೆ ಬರಲೆಂದು ಇನ್ನಷ್ಟು ಸಾಬೂನು ತಿಕ್ಕಿದರೆ ಜಿಡ್ಡು ಇನ್ನಷ್ಟು ಹೆಚ್ಚುತ್ತದೆ. ಬಿಳಿ ಬಟ್ಟೆಗೆ ಬಾರ್ ಸಾಬೂನಿಗಿಂತ ಡಿಟರ್ಜೆಂಟ್ ಪುಡಿ ಲೇಸು. ಮಳೆಗಾಲದಲ್ಲಿ ಹೊರಸಿನ ನೀರು, ಅಂದರೆ ಮಾಡಿನಿಂದ ಇಳಿಯುವ ಮಳೆನೀರು ಹಿಡಿದಿಟ್ಟರೆ ಇನ್ನೂ ಲೇಸು. ಕೊನೆಯ ಸಲ ಜಾಲಿಸುವ ಬಕೆಟ್ಟಿಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅಂಟಿದ ಜಿಡ್ಡು ಬಿಡುತ್ತದೆ. ನೀಲಿಯನ್ನು ನೀರಿನಲ್ಲಿ ಪೂರ್ತಿ ಕಲಸಿದ ಬಳಿಕವೇ ಬಟ್ಟೆ ಅದ್ದಬೇಕು, ಬೆನ್ನ ಮೇಲೆ ಮೋಡ ಕವಿದಂತೆ ಕಾಣುವುದು ಆತುರದ ಗುರುತು.

ಕಲೆಗಳಿಗೆ ಒಂದೊಂದಕ್ಕೆ ಒಂದೊಂದು ಸ್ವಭಾವ. ಅರಿಸಿನದ ಕಲೆ ಸಾಬೂನು ತಾಗಿದೊಡನೆ ರಕ್ತದಂತೆ ಕೆಂಪಾಗಿ ತಾಯಂದಿರನ್ನು ಗಾಬರಿಪಡಿಸುತ್ತದೆ. ಅದು ಕೆಡುವುದಲ್ಲ, ಸಾಬೂನಿನ ಕ್ಷಾರಕ್ಕೆ ಅರಿಸಿನ ಬಣ್ಣ ಬದಲಿಸುವುದಷ್ಟೆ. ಜಾಲಿಸಿ ಕಡುಬಿಸಿಲಿಗೆ ಹರವಿದರೆ ಎರಡು ಮೂರು ದಿನಗಳಲ್ಲಿ ಬಿಸಿಲೇ ಅದನ್ನು ತಿಂದುಹಾಕುತ್ತದೆ. ಬಾಲ್‌ಪೆನ್ನಿನ ಗೀರನ್ನು ನೀರು ಹಾಕಿ ಉಜ್ಜಿದರೆ ಹರಡುತ್ತದೆ. ಕೆಳಗೆ ಹಳೆಯ ಅರಿವೆ ಇಟ್ಟು, ಸ್ಪಿರಿಟ್ ಅಥವಾ ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಹತ್ತಿ ಅದ್ದಿ ಮೇಲಿನಿಂದ ಒತ್ತಿದರೆ ಶಾಯಿ ಕೆಳಗಿನ ಅರಿವೆಗೆ ಇಳಿಯುತ್ತದೆ. ಕಾಲರಿನ ಎಣ್ಣೆಜಿಡ್ಡಿಗೆ ನೆನೆಸುವ ಮೊದಲೇ ಸಾಬೂನು ಸವರಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವುದು ಸಾಕು, ಇಡೀ ಅಂಗಿಯನ್ನು ಕಲ್ಲಿಗೆ ಬಡಿಯಬೇಕಾಗಿಲ್ಲ. ಬಣ್ಣದ ಬಟ್ಟೆಯನ್ನು ಮಾತ್ರ ಒಳಮೈ ಹೊರಗೆ ಮಾಡಿ ನೆರಳಿಗೇ ಹಾಕಬೇಕು. ಅರಿಸಿನವನ್ನು ತಿನ್ನುವ ಬಿಸಿಲು ನೀಲಿ ಪ್ಯಾಂಟನ್ನೂ ಬಿಡುವುದಿಲ್ಲ.

ಇಸ್ತ್ರಿಯನ್ನು ಹಣದ ಕೆಲಸವೆಂದು ಅನೇಕರು ಬಿಟ್ಟುಬಿಡುತ್ತಾರೆ. ಹಿಂಡುವಾಗ ಹಗ್ಗದಂತೆ ತಿರುವದೆ, ಜೋರಾಗಿ ಜಾಡಿಸಿ, ಕಾಲರು ಮತ್ತು ಗುಂಡಿಪಟ್ಟಿಯನ್ನು ಕೈಯಿಂದ ಎಳೆದು ಹ್ಯಾಂಗರಿಗೆ ಹಾಕಿದ ಟೆರಿಕಾಟ್ ಅಂಗಿಗೆ ಇಸ್ತ್ರಿ ಬೇಕೆನಿಸುವುದೇ ಅಪರೂಪ. ಕೊಂಚ ಹಸಿ ಇರುವಾಗಲೇ ಗೆರೆ ಹಿಡಿದು ಮಡಿಸಿ ಹಾಸಿಗೆಯ ಅಡಿಗಿಟ್ಟ ಪ್ಯಾಂಟಿನ ಮೇಲೆ ರಾತ್ರಿಯಿಡೀ ಮಲಗಿದರೆ ಬೆಳಿಗ್ಗೆ ಕತ್ತಿಯಂಥ ಗೆರೆ. ಇಸ್ತ್ರಿ ಇಲ್ಲದ ಮನೆಗಳಲ್ಲಿ ಹಿತ್ತಾಳೆಯ ತಂಬಿಗೆಗೆ ಕೆಂಡ ತುಂಬಿ ಉಜ್ಜುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಇದ್ದಿಲ ಇಸ್ತ್ರಿಯವರಿಗೆ ಕೊಡುವುದಾದರೆ ಗಾಢ ಬಣ್ಣದ ಟೆರಿಕಾಟನ್ನು ಒಳಮೈಯಿಂದ, ಇಲ್ಲವೆ ಮೇಲೆ ಹತ್ತಿಯ ಅರಿವೆ ಹಾಸಿ ಉಜ್ಜಲು ಹೇಳಬೇಕು. ಹಾಗೆ ಮಾಡದಿದ್ದರೆ ಮೊಣಕಾಲಿನ ಹತ್ತಿರ ಎಣ್ಣೆ ಸುರಿದಂಥ ಹೊಳಪು ಬಂದು ಕೂರುತ್ತದೆ, ಅದು ಹೋಗುವುದಿಲ್ಲ. ಬಿಳಿ ಕ್ಯಾನ್ವಾಸ್ ಬೂಟಿಗೆ ತೊಳೆದು ಹಸಿ ಇರುವಾಗ ಸೀಮೆಸುಣ್ಣ ತೇಯ್ದು ಹಚ್ಚುವ ರೂಢಿ ಇನ್ನೂ ಉಪಯೋಗಕ್ಕೆ ಬರುವಂಥದೇ. ನೆನೆದ ಚರ್ಮದ ಬೂಟಿಗೆ ಹಳೆಯ ಪತ್ರಿಕೆ ತುರುಕಿ ನೆರಳಿಗಿಟ್ಟರೆ ಆಕಾರ ಕೆಡುವುದಿಲ್ಲ. ಈ ವಾರಪತ್ರಿಕೆಯನ್ನೂ ಓದಿ ಮುಗಿಸಿದ ಬಳಿಕ ಧಾರಾಳವಾಗಿ ಬಳಸಬಹುದು.

ಮಕ್ಕಳಷ್ಟೇ ಅಲ್ಲ, ಪಾಲಕರ ಸಭೆಗೂ ಸ್ನೇಹಸಮ್ಮೇಳನಕ್ಕೂ ಹೋಗಬೇಕಾದ ತಾಯಿತಂದೆಯರ ಸಂಕೋಚವೂ ಉಂಟು. ‘ಉಡಲು ಒಳ್ಳೆಯದೊಂದಿಲ್ಲ’ ಎಂದು ಸಭೆಗೆ ಬಾರದೆ ಉಳಿಯುವ ತಾಯಂದಿರು ಎಲ್ಲ ಊರಲ್ಲೂ ಇದ್ದಾರೆ. ಅವರು ಬಾರದಿದ್ದರೆ ಸಮಿತಿಯಲ್ಲಿ ಅಳತೆಯ ಮಾತು ಎತ್ತುವವರೂ ಇಲ್ಲ. ಅಂಥ ಮನೆಗಳ ಪೆಟ್ಟಿಗೆಯನ್ನು ತೆರೆದರೆ ಒಂದಾದರೂ ಇಳಕಲ್ ಸೀರೆ ಇರುತ್ತದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸಿ ನೇಯುವ ಆ ಸೀರೆ ತಲೆಮಾರುಗಳಿಂದ ಗಡಿಯ ಎರಡೂ ಕಡೆ ಹೊಲಕ್ಕೂ ಮದುವೆಗೂ ನಡೆದುಬಂದದ್ದು. ಹತ್ತಿಯ ಒಡಲಿನ ಇಳಕಲ್ಲಿಗೆ ತೆಳುವಾದ ಅಕ್ಕಿಗಂಜಿ ಹಾಕಿ, ಕೆಳಗೆ ಫಾಲ್ ಹೊಲಿಸಿ, ತೋಳು ಮತ್ತು ಬಗಲು ಸರಿಯಾಗಿ ಹಿಡಿಸಿದ ಗುಳೇದಗುಡ್ಡದ ಖಣದ ಕುಪ್ಪಸದೊಂದಿಗೆ ಉಟ್ಟರೆ ಯಾವ ಸಭೆಯಲ್ಲೂ ತಲೆ ತಗ್ಗಿಸಬೇಕಾಗಿಲ್ಲ. ರೇಶಿಮೆಯ ಸೀರೆಯನ್ನು ಅಂಟುವಾಳದ ನೀರಿನಲ್ಲಿ ಅದ್ದಿ, ನೆರಳಿಗೆ ಒಣಗಿಸಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಗೆರೆಯಲ್ಲೇ ಸೀಳುತ್ತದೆ.

ಮದುವೆಯ ಕಾಲದ ಖರ್ಚು ಮಾತ್ರ ಬೇರೆ ಬಗೆಯದು. ಆಯೇರಿಯ ಹೆಸರಿನಲ್ಲಿ ಕುಪ್ಪಸದ ತುಂಡು, ಟವೆಲ್ಲು, ತೆಳುವಾದ ಸೀರೆ ಒಂದು ಮನೆಯ ಟ್ರಂಕಿನಿಂದ ಇನ್ನೊಂದು ಮನೆಯ ಟ್ರಂಕಿಗೆ ಯಾರೂ ಉಡದಂತೆ ಯಾತ್ರೆ ಮಾಡುತ್ತಿರುತ್ತವೆ. ಕೊಟ್ಟವರಿಗೂ ಭಾರ, ಪಡೆದವರಿಗೂ ಭಾರ. ಇದಕ್ಕಾಗಿ ವಾರದ ಕಂತಿನ ಸಾಲ ತೆಗೆಯುವ ಮನೆಗಳಿವೆ. ಆ ಕಂತು ತೀರುವ ಮುನ್ನ ಜೂನ್ ಬಂದು ಮಗುವಿನ ಬೂಟಿಗೆ ಹಣವಿರುವುದಿಲ್ಲ. ಬೀಗರೊಳಗೆ ಮಾತಾಡಿಕೊಂಡು ಹತ್ತು ಆಯೇರಿಯ ಬದಲಿಗೆ ಒಂದೇ ಒಳ್ಳೆಯ ಬಟ್ಟೆ ಎಂದು ನಿರ್ಧರಿಸಿದ ಮನೆತನಗಳನ್ನು ಜಿಪುಣರೆಂದು ಹಳಿಯುವುದು ಅನ್ಯಾಯ.

ಸರಳವಾದ ಬಟ್ಟೆ ಎಷ್ಟು ಘನವಾಗಿ ಕಾಣಬಲ್ಲದೆಂಬುದಕ್ಕೆ ಸೊಲ್ಲಾಪುರದವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಅವುಗಳನ್ನು ಹೊರುವವರೂ ಜೊತೆಗೆ ನಡೆಯುವವರೂ ತೊಡುವುದು ಬಿಳಿಯ ಬಾರಾಬಂದಿ, ಧೋತರ. ಹನ್ನೆರಡು ಕಸೆಗಳಿಂದ ಕಟ್ಟುವ ಆ ಹತ್ತಿಯ ಅಂಗಿಗೆ ಗುಂಡಿಯಿಲ್ಲ, ಜರಿಯಿಲ್ಲ. ವಕೀಲರೂ ಹಮಾಲರೂ ಒಂದೇ ಸಾಲಿನಲ್ಲಿ ನಿಂತಾಗ ಯಾರು ಯಾರೆಂದು ಗುರುತಿಸಲಾಗದು. ಆ ಬಾರಾಬಂದಿಯನ್ನು ಮನೆಯವರು ವಾರ ಮೊದಲೇ ಒಗೆದು, ನೀಲಿ ಹಾಕಿ, ಗಂಜಿ ಕೊಟ್ಟು, ಇಸ್ತ್ರಿ ಮಾಡಿಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಆ ಬಟ್ಟೆಗೆ ಸಲ್ಲುವ ಗಮನದ ಕಾಲುಭಾಗ ಶಾಲೆಯ ಅಂಗಿಗೆ ವಾರಕ್ಕೊಮ್ಮೆ ಸಂದರೂ ಸಾಕು.

ಉಳಿದದ್ದು ಹಳೆಯ ಬಟ್ಟೆಯ ಪ್ರಶ್ನೆ. ಅಕ್ಕನ ಲಂಗ ತಂಗಿಗೆ ಬರುವುದು ಮನೆಯೊಳಗೆ ಸಹಜವಾಗಿದ್ದರೂ ಮನೆಯ ಹೊರಗಿನಿಂದ ಬಂದಾಗ ಮಗುವಿಗೆ ಮುಜುಗರ. ವರ್ಷದ ಕೊನೆಗೆ ಚಿಕ್ಕದಾದ, ಇನ್ನೂ ಗಟ್ಟಿಯಾದ ಸಮವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡಿ ಶಾಲೆಗೇ ತಲುಪಿಸಿ, ಶಿಕ್ಷಕಿಯೊಬ್ಬರು ಅಳತೆಯಂತೆ ಹಂಚುವ ಏರ್ಪಾಡಾದರೆ ಕೊಟ್ಟವರ ಹೆಸರು ತೆಗೆದುಕೊಂಡವರಿಗೆ ತಿಳಿಯಬೇಕಾಗಿಲ್ಲ. ಹರಿದ, ಗುಂಡಿ ಕಳೆದ ಬಟ್ಟೆಯನ್ನು ಆ ಗಂಟಿಗೆ ಸೇರಿಸಬಾರದು. ಅದು ದಾನವಲ್ಲ, ಮನೆ ಗುಡಿಸಿದ್ದು. ಅಂಥ ಬಟ್ಟೆಗೆ ಮನೆಯಲ್ಲೇ ಸ್ಥಾನವಿದೆ. ಅಜ್ಜಿಯರು ಚಳಿಗಾಲಕ್ಕೆ ಹೊಲಿಯುವ ಕೌದಿಗೆ ಮಾಸಿದ ನೀಲಿ ಪ್ಯಾಂಟಿನ ತುಂಡು ಒಳ್ಳೆಯ ಅಂಚಾಗುತ್ತದೆ. ಕತ್ತರಿ ಹಾಕುವ ಮೊದಲು ಗುಂಡಿ, ಕೊಕ್ಕೆ, ಜಿಪ್ಪುಗಳನ್ನು ಬಿಡಿಸಿ ಡಬ್ಬಿಯೊಂದರಲ್ಲಿ ಹಾಕಿಡಬೇಕು. ಬರುವ ಜೂನ್‌ನಲ್ಲಿ ಮೊದಲು ಬೇಕಾಗುವುದು ಅವೇ.